ಜ್ವರ ಬಿಟ್ಟು ಹತ್ತು ತಿಂಗಳು: ಚಿಕೂನ್‌ಗುನ್ಯ ಇನ್ನೂ ಮೈಯಲ್ಲೇ ಕೂತಿದೆಯೇ?

ಪ್ರಶ್ನೆ: ನನಗೆ 36 ವರ್ಷ, ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ. ಹತ್ತು ತಿಂಗಳ ಹಿಂದೆ ಚಿಕೂನ್‌ಗುನ್ಯ ಆಯಿತು. ಜ್ವರ ವಾರದೊಳಗೆ ಬಿಟ್ಟಿತು, ನೋವು ಬಿಡಲಿಲ್ಲ. ಈಗಲೂ ಬೆಳಗ್ಗೆ ಎದ್ದಾಗ ಎರಡೂ ಕೈ ಮುಷ್ಟಿ ಕಟ್ಟಲು ಬರುವುದಿಲ್ಲ, ಬೆರಳು ಸಡಿಲವಾಗಲು ಮುಕ್ಕಾಲು ಗಂಟೆ ಬೇಕು. ರೊಟ್ಟಿ ತಟ್ಟುವುದು ನಿಂತೇ ಹೋಗಿದೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ: ಚಿಕೂನ್‌ಗುನ್ಯ ಐಜಿಎಂ ಪಾಸಿಟಿವ್, ಆರ್‌ಎ ಫ್ಯಾಕ್ಟರ್ ನೆಗೆಟಿವ್, ಎಎಸ್‌ಒ ಸ್ವಲ್ಪ ಹೆಚ್ಚು, ಸಿಆರ್‌ಪಿ 14. ಲ್ಯಾಬಿನವರು 'ಇನ್ನೂ ಇದೆ' ಅಂದರು. 'ಎಲುಬಿಗೆ ಇಳಿದಿದೆ, ಸಾಯೋತನಕ ಹೋಗಲ್ಲ' ಅನ್ನುತ್ತಾರೆ ಊರಲ್ಲಿ. ನಮ್ಮ ಅತ್ತೆಗೆ 2006ರಲ್ಲಿ ಬಂದಿತ್ತು, ಅವರಿಗೆ ಈಗಲೂ ಮಂಡಿ ನೋವು. ನಾವು ಎರಡನೇ ಮಗುವಿನ ಯೋಚನೆಯಲ್ಲಿದ್ದೇವೆ. ಹೊಟ್ಟೆಯಲ್ಲಿರುವ ಮಗುವಿಗೆ ತಗಲುತ್ತದೆಯೇ? ಗಂಡನಿಗೆ ನನ್ನಿಂದ ಬರುತ್ತದೆಯೇ? ಅವರಿಗೆ ಹೋದ ವರ್ಷ ಡೆಂಗಿ ಆಗಿತ್ತು, ಅದೂ ಒಳಗೆ ಉಳಿದಿರುತ್ತದೆಯೇ? ನೋವಿಗೆ ಮೂರು ತಿಂಗಳಿಂದ ಒಂದು ಕಡೆಯಿಂದ ಪುಡಿ ಪೊಟ್ಟಣ ತರಿಸಿ ತಿನ್ನುತ್ತಿದ್ದೇನೆ. ತಿಂದರೆ ಎರಡೇ ದಿನಕ್ಕೆ ನೋವು ಮಾಯ, ಬಿಟ್ಟರೆ ಮತ್ತೆ ಶುರು.

ಉತ್ತರ: ನೀವು ಕೊನೆಗೆ ಬರೆದದ್ದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಆ ಪುಡಿಯ ವಿಷಯ ಕೆಳಗೆ ವಿವರವಾಗಿ ಬರೆದಿದ್ದೇನೆ. ಅಲ್ಲಿಯವರೆಗೆ ಒಂದು ಮಾತು: ಇದನ್ನು ಓದಿ ಗಾಬರಿಯಾಗಿ ಇವತ್ತೇ ದಿಢೀರನೆ ನಿಲ್ಲಿಸಬೇಡಿ.

ಈಗ ವೈರಸ್ಸಿನ ವಿಷಯ. 'ಇನ್ನೂ ಒಳಗಿದೆಯಾ' ಎಂದು ಕೇಳುವಾಗ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟುತ್ತೇವೆ. ಮರಿ ಹಾಕುತ್ತಾ, ಇನ್ನೊಬ್ಬರಿಗೆ ಹರಡಬಲ್ಲ ಜೀವಂತ ವೈರಸ್ ಇದೆಯೇ ಎಂಬುದು ಒಂದು. ಹರಡುವ ಶಕ್ತಿಯಿಲ್ಲದ ಅದರ ಚೂರುಪಾರು ಎಲ್ಲಾದರೂ ಉಳಿದಿದೆಯೇ ಎಂಬುದು ಇನ್ನೊಂದು. ವೈರಸ್ ಹೋಗಿದ್ದರೂ ಅದು ಎಬ್ಬಿಸಿದ ಉರಿಯೂತ ಮುಂದುವರಿದಿದೆಯೇ ಎಂಬುದು ಮೂರನೆಯದು. ನಿಮ್ಮ ವಿಷಯದಲ್ಲಿ ಮೊದಲನೆಯದು ಇಲ್ಲ, ಜೀವಂತ ವೈರಸ್ ಉಳಿದಿಲ್ಲ. ಎರಡನೆಯದು ಇರಬಹುದು, ಇಲ್ಲದಿರಬಹುದು. ಮೂರನೆಯದು ಖಂಡಿತ ಇದೆ, ನಿಮ್ಮ ಮುಷ್ಟಿಯೇ ಹೇಳುತ್ತಿದೆ.

ಕಾಯಿಲೆ ಒಳಗೆ ಅಡಗಿ ಕೂರುತ್ತದೆ ಎಂಬ ಊರಿನ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. ವೈವ್ಯಾಕ್ಸ್ ಮಲೇರಿಯ ನಿಜಕ್ಕೂ ಹಾಗೇ ಮಾಡುತ್ತದೆ. ಅದರ ಪರೋಪಜೀವಿ ಪಿತ್ತಜನಕಾಂಗದಲ್ಲಿ ನಿದ್ದೆ ಹೋಗಿ ತಿಂಗಳುಗಳ ಮೇಲೆ ಎದ್ದು ಮತ್ತೆ ಚಳಿಜ್ವರ ತರುತ್ತದೆ. ಅದನ್ನು ಬೇರಿನಿಂದ ಕೀಳಲೆಂದೇ 14 ದಿನ ಪ್ರೈಮಾಕ್ವಿನ್ ಕೊಡುವುದು. ಮಂಗಳೂರಿನವರಿಗೆ ಇದು ಚೆನ್ನಾಗಿ ಗೊತ್ತು. ಸಿಡುಬೆ, ಅಂದರೆ ಚಿಕನ್‌ಪಾಕ್ಸ್, ವೈರಸ್ ಕೂಡ ನರದ ಬುಡದಲ್ಲಿ ದಶಕಗಟ್ಟಲೆ ಮಲಗಿದ್ದು ಮುಂದೆ ಸರ್ಪಸುತ್ತಾಗಿ ಏಳುತ್ತದೆ. ಚಿಕೂನ್‌ಗುನ್ಯ, ಡೆಂಗಿ, ಝೀಕಾ ವೈರಸ್‌ಗಳಿಗೆ ಈ ವಿದ್ಯೆ ಗೊತ್ತಿಲ್ಲ. ಇವು ಆರ್‌ಎನ್‌ಎ ವೈರಸ್‌ಗಳು, ಅಂದರೆ ಇವುಗಳ ವಂಶವಾಹಿ ಬರಹ ಇರುವುದು ಆರ್‌ಎನ್‌ಎ ಎಂಬ ಎಳೆಯಲ್ಲಿ. ಎಚ್‌ಐವಿಯಂತೆ ನಮ್ಮ ಡಿಎನ್‌ಎ ಒಳಗೆ ತಮ್ಮ ನಕಲು ಬರೆದಿಡುವುದಿಲ್ಲ, ಸರ್ಪಸುತ್ತಿನ ವೈರಸ್ಸಿನಂತೆ ಸದ್ದಿಲ್ಲದೆ ಮಲಗುವುದೂ ಇಲ್ಲ. ಉಳಿಯಬೇಕೆಂದರೆ ಸತತವಾಗಿ ಪ್ರತಿ ಮಾಡಿಕೊಳ್ಳುತ್ತಲೇ ಇರಬೇಕು. ಹಾಗೆ ಮಾಡಿದಷ್ಟೂ ನಮ್ಮ ರೋಗನಿರೋಧಕ ಪಡೆಯ ಕಣ್ಣಿಗೆ ಬೀಳುತ್ತವೆ.

ನಿಮ್ಮ ಕಡೆಯ ಹೊಲದ ಲೆಕ್ಕದಲ್ಲೇ ಹೇಳಬಹುದು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿದ ಕೂಳೆ ನೀರು ಬಿಟ್ಟರೆ ಚಿಗುರುತ್ತದೆ. ಮಲೇರಿಯ, ಸರ್ಪಸುತ್ತು ಆ ಜಾತಿ. ಮೆಕ್ಕೆಜೋಳ ಕೊಯ್ದ ಮೇಲೂ ಕೂಳೆ ಉಳಿಯುತ್ತದೆ, ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ, ಆದರೆ ಚಿಗುರುವುದಿಲ್ಲ. ಚಿಕೂನ್‌ಗುನ್ಯ ಈ ಜಾತಿಗೆ ಹತ್ತಿರ.

ಚುಚ್ಚುವ ಆ ಕೂಳೆ ಎಷ್ಟು ದಿನ ಉಳಿಯುತ್ತದೆ ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಜ್ವರದ ದಿನಗಳಲ್ಲಿ ಈ ವೈರಸ್ ರಕ್ತದಲ್ಲಿ ವಿಪರೀತ ಇರುತ್ತದೆ, ಒಂದು ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ. ಸಾಮಾನ್ಯವಾಗಿ 5ರಿಂದ 7 ದಿನ, ಅಪರೂಪಕ್ಕೆ ಇನ್ನೆರಡು ದಿನ ಹೆಚ್ಚು. ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಏಳುತ್ತಿದ್ದಂತೆ ರಕ್ತ ತೊಳೆದಂತೆ ಸ್ವಚ್ಛವಾಗುತ್ತದೆ. ಆದರೆ ಅಷ್ಟರೊಳಗೆ ವೈರಸ್ ಕೀಲಿನ ಒಳಪೊರೆ, ಸ್ನಾಯು, ಚರ್ಮದ ಅಡಿಯ ಜೀವಕೋಶಗಳನ್ನು ಹೊಕ್ಕಿರುತ್ತದೆ. ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಕಸ ಗುಡಿಸುವ ಕೆಲಸದ ಮ್ಯಾಕ್ರೋಫೇಜ್ ಎಂಬ ಬಿಳಿಕೋಶಗಳಲ್ಲಿ 44 ದಿನಗಳವರೆಗೂ ಜೀವಂತ ವೈರಸ್ ಸಿಕ್ಕಿತು. ಇಲಿಗಳಲ್ಲಿ ಸೋಂಕು ತಗಲಿಯೂ ಸಾಯದೆ ಉಳಿದ ಕೋಶಗಳಲ್ಲಿ 112 ದಿನಗಳ ಮೇಲೂ ಅದರ ಆರ್‌ಎನ್‌ಎ ಕಂಡಿತು.

ಮನುಷ್ಯರಲ್ಲಿ? 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಮೂರನೇ ಒಂದು ಪಾಲು ಜನ ಈ ಕಾಯಿಲೆಗೆ ಬಿದ್ದರು. ಅಲ್ಲಿನ ಒಬ್ಬ ರೋಗಿಯ ಕೀಲಿನ ಒಳಪೊರೆಯ ತುಣುಕಿನಲ್ಲಿ 18 ತಿಂಗಳ ನಂತರವೂ ವೈರಸ್ಸಿನ ಆರ್‌ಎನ್‌ಎ ಮತ್ತು ಪ್ರೋಟೀನ್ ಕಂಡುಬಂದವು. 'ವೈರಸ್ ಎಲುಬಿಗೆ ಇಳಿಯುತ್ತದೆ' ಎಂದು ಅಂತರ್ಜಾಲದಲ್ಲಿ ಓಡಾಡುವ ಸುದ್ದಿಗೆ ಹೆಚ್ಚಾಗಿ ಇದೊಂದೇ ಆಧಾರ, ಅದೂ ಒಬ್ಬರ ಕೀಲು. ಇನ್ನೊಂದು ಕಡೆ ಕೊಲಂಬಿಯಾದಲ್ಲಿ, ಸೋಂಕಾಗಿ ಸುಮಾರು 22 ತಿಂಗಳಾಗಿದ್ದರೂ ಗಂಟು ನೋವು ಬಿಡದ 38 ಜನರ ಕೀಲಿನ ದ್ರವ ತೆಗೆದು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಬ್ಬರಲ್ಲೂ ವೈರಸ್ಸಿನ ಸುಳಿವಿರಲಿಲ್ಲ, ನೋವು ಮಾತ್ರ ಎಲ್ಲರಲ್ಲೂ ಇತ್ತು. ಒಂದರಲ್ಲಿ ನೋಡಿದ್ದು ಪೊರೆ, ಇನ್ನೊಂದರಲ್ಲಿ ದ್ರವ. ಹಾಗಾಗಿ ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ನನ್ನ ಓದು ಇಷ್ಟು: ಕೆಲವರ ಕೀಲಿನಲ್ಲಿ ಕೆಲ ತಿಂಗಳ ಕಾಲ ಚೂರುಗಳು ಉಳಿದು ಉರಿಯೂತಕ್ಕೆ ಸೌದೆ ಒಟ್ಟುತ್ತವೆ. ಆಮೇಲೆ ಸೌದೆ ಮುಗಿದರೂ ಉರಿ ತನ್ನ ಪಾಡಿಗೆ ಮುಂದುವರಿಯುತ್ತದೆ. ಇದಕ್ಕೆ ಚಿಕಿತ್ಸೆಯ ಕಡೆಯಿಂದಲೂ ಒಂದು ಸಾಕ್ಷಿ ಇದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟಾಗ ಒಳಗೆ ಅಡಗಿದ ಕ್ಷಯವೋ ಸರ್ಪಸುತ್ತೋ ಇದ್ದರೆ ಎದ್ದು ಕೂರುತ್ತದೆ. ಚಿಕೂನ್‌ಗುನ್ಯ ಸಂಧಿವಾತಕ್ಕೆ ಅದೇ ಔಷಧಿ ಕೊಟ್ಟರೆ ಜ್ವರ ಮರಳುವುದಿಲ್ಲ, ನೋವು ಇಳಿಯುತ್ತದೆ.

ಇನ್ನು ನಿಮ್ಮ ಐಜಿಎಂ ರಿಪೋರ್ಟು. ಆ ಪರೀಕ್ಷೆ ವೈರಸ್ಸನ್ನು ಹುಡುಕುವುದೇ ಇಲ್ಲ, ವೈರಸ್ ವಿರುದ್ಧ ನಿಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಕಳ್ಳ ಹೋದ ಮೇಲೂ ಪೊಲೀಸರು ಬೀದಿಯಲ್ಲಿದ್ದಾರೆ ಎಂಬಷ್ಟೇ ಅರ್ಥ. ಐಜಿಎಂ ಜ್ವರದ 5ನೇ ದಿನದ ಹೊತ್ತಿಗೆ ಕಾಣಿಸಿಕೊಂಡು ಸಾಮಾನ್ಯವಾಗಿ 3-4 ತಿಂಗಳು ಇರುತ್ತದೆ. ಕೀಲು ನೋವು ಮುಂದುವರಿದವರಲ್ಲಿ ವರ್ಷ ದಾಟಿಯೂ ಇರುವುದುಂಟು. ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಬಹುಪಾಲು ಜೀವಮಾನವಿಡೀ ಇರುತ್ತದೆ, ಅದು ಒಳ್ಳೆಯದೇ, ಮತ್ತೆ ಬಾರದಂತೆ ಕಾಯುವುದು ಅದೇ. ರಿಪೋರ್ಟಿನಲ್ಲಿ 'ಇಂಡೆಕ್ಸ್' ಎಂದು ಅಂಕಿ ಬರೆದಿದ್ದರೆ ಅದೂ ವೈರಸ್ಸಿನ ಪ್ರಮಾಣವಲ್ಲ. ನಿಜವಾಗಿ ವೈರಸ್ ಹುಡುಕುವುದು ಆರ್‌ಟಿ-ಪಿಸಿಆರ್. ಅದು ಉಪಯೋಗಕ್ಕೆ ಬರುವುದು ಜ್ವರದ ಮೊದಲ ವಾರ ಮಾತ್ರ, ಈಗ ಮಾಡಿಸಿದರೆ ದುಡ್ಡು ದಂಡ. ಐಜಿಎಂ ಅನ್ನೂ ಮತ್ತೆ ಮತ್ತೆ ಮಾಡಿಸಬೇಡಿ, ಅದು ಪಾಸಿಟಿವ್ ಬಂದರೂ ನೆಗೆಟಿವ್ ಬಂದರೂ ನಿಮ್ಮ ಚಿಕಿತ್ಸೆ ಒಂದಿಷ್ಟೂ ಬದಲಾಗುವುದಿಲ್ಲ.

ಎಎಸ್‌ಒ ಬಗ್ಗೆ ಒಂದು ಅಡ್ಡಮಾತು. ಲ್ಯಾಬುಗಳಲ್ಲಿ 'ಆರ್ಥ್ರೈಟಿಸ್ ಪ್ರೊಫೈಲ್' ಎಂದು ಆರ್‌ಎ, ಎಎಸ್‌ಒ, ಯೂರಿಕ್ ಆಸಿಡ್ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕೊಡುವುದು ರೂಢಿಯಾಗಿಬಿಟ್ಟಿದೆ. ಎಎಸ್‌ಒ ಹೇಳುವುದು ಹಿಂದೆಂದೋ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗಲಿತ್ತು ಎಂದಷ್ಟೆ. ನಿಮ್ಮ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ಆ ಅಂಕಿ ನೋಡಿ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, ಏಕೆ ಎಂದು ಕೇಳಿ.

ಗಂಡನಿಗೆ ನಿಮ್ಮಿಂದ ಬರುವುದಿಲ್ಲ. ಚಿಕೂನ್‌ಗುನ್ಯ ಹರಡಲು ಈಡಿಸ್ ಸೊಳ್ಳೆ ಬೇಕು, ರಕ್ತದಲ್ಲಿ ವೈರಸ್ ಇರುವ ಆ ಒಂದು ವಾರದಲ್ಲೇ ಅದು ನಿಮ್ಮನ್ನು ಕಚ್ಚಿರಬೇಕು. ಈಗ ಕಚ್ಚಿದ ಸೊಳ್ಳೆ ನಿಮ್ಮಿಂದ ಏನನ್ನೂ ಒಯ್ಯುವುದಿಲ್ಲ. ದಾಂಪತ್ಯದಿಂದ ಇದು ಹರಡಿದ್ದು ಸಾಬೀತಾಗಿಲ್ಲ. ಆ ಭಯ ಹುಟ್ಟಿದ್ದು ಝೀಕಾದಿಂದ. ಸೊಳ್ಳೆಯಿಂದ ಬರುವ ವೈರಸ್‌ಗಳಲ್ಲಿ ವೀರ್ಯದಲ್ಲಿ ಉಳಿದು ಸಂಗಾತಿಗೆ ಹರಡುವುದಕ್ಕೆ ಹೆಸರಾದದ್ದು ಅದು. ವೃಷಣದೊಳಗೆ ರೋಗನಿರೋಧಕ ಪಡೆಯ ಕಾವಲು ಸಡಿಲ, ಝೀಕಾಕ್ಕೆ ಅಲ್ಲಿ ಆಸರೆ ಸಿಗುತ್ತದೆ. ವೀರ್ಯದಲ್ಲಿ ಅದರ ಆರ್‌ಎನ್‌ಎ ಕೆಲವರಲ್ಲಿ ಆರು ತಿಂಗಳಿಗೂ ಮೀರಿ ಸಿಕ್ಕಿದೆ, ಆದರೆ ಸೋಂಕು ತಗಲಿಸಬಲ್ಲ ವೈರಸ್ ಮೊದಲ ತಿಂಗಳ ನಂತರ ಅಪರೂಪ. ಅದಕ್ಕೇ ಝೀಕಾ ಆದ ಗಂಡಸರು 3 ತಿಂಗಳು, ಹೆಂಗಸರು 2 ತಿಂಗಳು ಕಾಂಡೋಮ್ ಬಳಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ನಮ್ಮ ರಾಜ್ಯದಲ್ಲೂ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಝೀಕಾ ಪತ್ತೆಯಾಯಿತು. ಆದರೆ ನಿಮ್ಮ ಕಾಯಿಲೆ ಅದಲ್ಲ.

ಡೆಂಗಿಯ ಲೆಕ್ಕ ಇನ್ನೂ ಸರಳ. ಜ್ವರ ಇಳಿಯುವ ಹೊತ್ತಿಗೆ ಅದರ ವೈರಸ್ ರಕ್ತದಿಂದ ಹೆಚ್ಚುಕಡಿಮೆ ಖಾಲಿ. ಆಮೇಲೆ ತಿಂಗಳೆರಡು ತಿಂಗಳು ಸುಸ್ತು, ಮೂರನೇ ತಿಂಗಳಲ್ಲಿ ಕೂದಲು ಉದುರುವುದು ಜ್ವರದ ಪೆಟ್ಟಿನಿಂದ ಆಗುವಂಥದ್ದು, ತಾನಾಗಿ ಸರಿಹೋಗುತ್ತದೆ. ಡೆಂಗಿಯಲ್ಲಿ ಉಳಿಯುವ ಅಪಾಯ ಬೇರೆ. ಅದಕ್ಕೆ ನಾಲ್ಕು ತಳಿಗಳಿವೆ. ಒಂದು ಬಂದು ಹೋದರೆ ಆ ತಳಿಯಿಂದ ರಕ್ಷಣೆ ಸಿಗುತ್ತದೆ, ಆದರೆ ಇನ್ನೊಂದು ತಳಿ ಬಂದಾಗ ಹಳೆಯ ಪ್ರತಿಕಾಯಗಳೇ ವೈರಸ್ಸಿಗೆ ಜೀವಕೋಶದೊಳಗೆ ದಾರಿ ತೋರಿಸಿಬಿಡಬಹುದು. ಹಾಗಾಗಿ ಎರಡನೇ ಸಲದ ಡೆಂಗಿ ವಿಷಮಿಸುವ ಸಾಧ್ಯತೆ ಹೆಚ್ಚು. ನಿಮ್ಮ ಯಜಮಾನರ ಹಳೆಯ ರಿಪೋರ್ಟನ್ನು ಜೋಪಾನ ಮಾಡಿ. ಮುಂದೆ ಜ್ವರ ಬಂದು, ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ 'ಮೊದಲೂ ಒಮ್ಮೆ ಡೆಂಗಿ ಆಗಿತ್ತು' ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ರಕ್ತದಾನಕ್ಕೆ ಡೆಂಗಿ, ಚಿಕೂನ್‌ಗುನ್ಯ ಎರಡಕ್ಕೂ ನಮ್ಮ ದೇಶದ ನಿಯಮ ಒಂದೇ: ಪೂರ್ತಿ ಗುಣವಾಗಿ 6 ತಿಂಗಳು ಕಳೆದಿರಬೇಕು.

ಮಗುವಿನ ವಿಷಯದಲ್ಲಿ ವೈರಸ್ಸಿನ ಭಯ ಪೂರ್ತಿ ಬಿಡಿ. ಚಿಕೂನ್‌ಗುನ್ಯ ತಾಯಿಯಿಂದ ಮಗುವಿಗೆ ಹೋಗುವುದು ಮುಖ್ಯವಾಗಿ ಹೆರಿಗೆಯ ಹೊತ್ತಿನಲ್ಲೇ ತಾಯಿಯ ರಕ್ತದಲ್ಲಿ ವೈರಸ್ ತುಂಬಿದ್ದಾಗ. ರಿಯೂನಿಯನ್‌ನಲ್ಲಿ ಹಾಗಾದ ತಾಯಂದಿರ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಸೋಂಕು ತಗಲಿತು. ವರ್ಷದ ಹತ್ತಿರ ಹಿಂದೆ ಬಂದು ಹೋದ ಜ್ವರ ಆ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಐಜಿಜಿ ಕರುಳುಬಳ್ಳಿಯ ಮೂಲಕ ಮಗುವಿಗೆ ದಾಟಿ ಮೊದಲ ಕೆಲ ತಿಂಗಳು ಅದಕ್ಕೇ ಕಾವಲಾಗುತ್ತದೆ. ಬಸಿರಿಗೆ ತೊಡಕಾಗಬಹುದಾದ್ದು ನೀವು ನುಂಗುವ ಔಷಧಿ. ಚಿಕಿತ್ಸೆ ಆರಿಸುವಾಗ ಎಲ್ಲಕ್ಕಿಂತ ಮೊದಲು ಇದನ್ನೇ ವೈದ್ಯರಿಗೆ ಹೇಳಬೇಕು.

ಚಿಕಿತ್ಸೆಗೆ ಮೊದಲು ನೋವಿನ ಜಾತಿ ಗೊತ್ತಾಗಬೇಕು. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು, ಎರಡೂ ಕೈಯ ಸಣ್ಣ ಕೀಲುಗಳು, ಕೆಲಸ ಮಾಡುತ್ತಾ ಹೋದಂತೆ ಸಡಿಲ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ತುಸು ಮೇಲೆ. ಇದೆಲ್ಲ ಉರಿಯೂತದ ಲಕ್ಷಣ. ಮೂರು ತಿಂಗಳು ದಾಟಿದ್ದರಿಂದ ಇದನ್ನು ದೀರ್ಘಕಾಲಿಕ ಹಂತ ಎನ್ನುತ್ತೇವೆ. ಆದರೆ ಒಂದು ಎಚ್ಚರ: ನಿಮ್ಮ ವಯಸ್ಸಿನ ಹೆಂಗಸರಲ್ಲಿ ಇದೇ ರೂಪದಲ್ಲಿ ಶುರುವಾಗುವ ಇನ್ನೊಂದು ಕಾಯಿಲೆ ರುಮಟಾಯ್ಡ್ ಸಂಧಿವಾತ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದ ಮಾತ್ರಕ್ಕೆ ಅದಲ್ಲ ಎನ್ನಲಾಗದು, ಚಿಕೂನ್‌ಗುನ್ಯ ಆದವರಲ್ಲಿ ಅದು ತಾತ್ಕಾಲಿಕವಾಗಿ ಪಾಸಿಟಿವ್ ಬರುವುದೂ ಇದೆ. ಆಂಟಿ-ಸಿಸಿಪಿ ಎಂಬ ಪರೀಕ್ಷೆ ಹೆಚ್ಚು ಭರವಸೆಯದು, ಜೊತೆಗೆ ಎರಡೂ ಕೈಗಳ ಎಕ್ಸ್‌ರೇ, ಥೈರಾಯ್ಡ್, ಸಕ್ಕರೆ ನೋಡಿಸಿ. ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರ ಹತ್ತಿರವೇ ಹೋಗಿ, ಹತ್ತಿರದಲ್ಲಿ ಇಲ್ಲದಿದ್ದರೆ ವೈದ್ಯಕೀಯ ಕಾಲೇಜಿನ ಮೆಡಿಸಿನ್ ವಿಭಾಗ.

ನಿಮ್ಮ ಅತ್ತೆಯವರ ಮಂಡಿ ಬೇರೆ ಕಥೆ. 2006ರಲ್ಲಿ ಕರ್ನಾಟಕ ಒಂದರಲ್ಲೇ ಸುಮಾರು 7.5 ಲಕ್ಷ ಶಂಕಿತ ಪ್ರಕರಣಗಳಿದ್ದವು. ಅಂದು ಬಿದ್ದವರೆಲ್ಲರ ಇಂದಿನ ನೋವನ್ನೂ ಅದರ ತಲೆಗೇ ಕಟ್ಟುವುದು ಸುಲಭ. ಮೆಟ್ಟಿಲು ಹತ್ತಿ ಇಳಿಯುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ ನೋವು, ಬೆಳಗಿನ ಬಿಗಿತ ಐದು ಹತ್ತು ನಿಮಿಷಕ್ಕೆ ಮಾಯ ಎಂದರೆ ಅದು ಮಂಡಿ ಸವೆತ. ಅದಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಕೆ. ಚಿಕೂನ್‌ಗುನ್ಯದ ಔಷಧಿ ಅವರಿಗೆ ಬೇಡ.

ನಿಮಗಿರುವ ದಾರಿಗಳಿವು. ಮೊದಲನೆಯದು ನಾಪ್ರೊಕ್ಸೆನ್‌ನಂಥ ಉರಿಯೂತ ಇಳಿಸುವ ನೋವಿನ ಮಾತ್ರೆ, ವೈದ್ಯರು ಬರೆದ ಪ್ರಮಾಣದಲ್ಲಿ, ಊಟದ ನಂತರ, ಎರಡು ಮೂರು ವಾರ. ನೋವಾದಾಗೊಂದು ಬಿಟ್ಟಾಗೊಂದು ನುಂಗಿದರೆ ಉರಿಯೂತ ಇಳಿಯದು. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಕಿಡ್ನಿಗೆ ಪೆಟ್ಟು. ಬಸಿರಿಗೆ ಪ್ರಯತ್ನಿಸುವಾಗ ಕೇಳದೆ ಬಳಸಬೇಡಿ, 20 ವಾರದ ನಂತರವಂತೂ ಬೇಡ. ಬರೀ ನೋವಿಗೆ ಪ್ಯಾರಾಸಿಟಮಾಲ್ ದಿನಕ್ಕೆ 3 ಗ್ರಾಂ ಮೀರದಂತೆ ಸಾಕು.

ಇದರಿಂದ ಹಿಡಿತಕ್ಕೆ ಬಾರದಿದ್ದರೆ ಹೈಡ್ರಾಕ್ಸಿಕ್ಲೋರೊಕ್ವಿನ್. ಇದರ ಬಲ ಸಾಧಾರಣ, ಕೆಲಸ ಶುರುವಾಗಲು ಎರಡು ಮೂರು ತಿಂಗಳು ಬೇಕು. ಆದರೆ ಬಸಿರಿನಲ್ಲಿ ಮುಂದುವರಿಸಬಹುದಾದ ಔಷಧಿ ಎಂಬುದು ನಿಮಗೆ ದೊಡ್ಡ ಅನುಕೂಲ. ದಿನದ ಪ್ರಮಾಣ ದೇಹತೂಕದ ಕಿಲೋಗೆ 5 ಮಿಲಿಗ್ರಾಂ ದಾಟಬಾರದು, ವರ್ಷಗಟ್ಟಲೆ ತೆಗೆದುಕೊಳ್ಳುವುದಾದರೆ ಕಣ್ಣಿನ ಪರದೆ ಪರೀಕ್ಷೆ ತಪ್ಪಿಸಬಾರದು. ಹೆಚ್ಚು ಬಲದ್ದು ಮೆಥೋಟ್ರೆಕ್ಸೇಟ್. ಕೀಲು ಊದಿಕೊಂಡೇ ಇರುವವರಿಗೆ ಒಳ್ಳೆಯ ಔಷಧಿ, ಆದರೆ ಬಸಿರಿನಲ್ಲಿ ಪೂರ್ತಿ ನಿಷಿದ್ಧ, ಭ್ರೂಣಕ್ಕೆ ಊನ ತರುತ್ತದೆ. ಅದನ್ನು ಶುರು ಮಾಡಿದರೆ ಮಗುವಿನ ಯೋಚನೆ ಮುಂದಕ್ಕೆ ಹಾಕಿ ಗರ್ಭನಿರೋಧಕ ಬಳಸಬೇಕು, ನಿಲ್ಲಿಸಿ 3 ತಿಂಗಳಾದ ಮೇಲೆ ಪ್ರಯತ್ನ. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿ ಬಾಯಿತುಂಬ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಚೀಟಿಯ ಮೇಲೆ ವಾರದ ಹೆಸರನ್ನೇ, 'ಭಾನುವಾರ' ಎಂದು, ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ ನಿಮ್ಮ ಸ್ಥಿತಿಯಲ್ಲಿ ಮೊದಲು ಹೈಡ್ರಾಕ್ಸಿಕ್ಲೋರೊಕ್ವಿನ್ ಹಾದಿ, ಅದು ಸಾಲದಿದ್ದರೆ ಮಾತ್ರ ಮಗುವಿನ ಯೋಜನೆ ಮುಂದೂಡುವ ಮಾತು.

ಔಷಧಿಯಷ್ಟೇ ಮುಖ್ಯ ಕೈಯ ಕಸರತ್ತು. ಬೆಳಗ್ಗೆ ಎದ್ದ ಕೂಡಲೇ ಬೋಗುಣಿಯಲ್ಲಿ ಹಿತವಾದ ಬಿಸಿನೀರು ಹಾಕಿ ಎರಡೂ ಕೈ 10 ನಿಮಿಷ ಮುಳುಗಿಸಿ. ನೀರೊಳಗೇ ಬೆರಳು ಪೂರ್ತಿ ಬಿಚ್ಚುವುದು, ನಿಧಾನಕ್ಕೆ ಮುಷ್ಟಿ ಕಟ್ಟುವುದು, ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೂ ಮುಟ್ಟಿಸುವುದು, ತಲಾ 10 ಸಲ. ಕೀಲು ಬಿಸಿಯಾಗಿ ಊದಿರುವ ದಿನ ಬಿಸಿನೀರು ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಬಟ್ಟೆ ಹಿಂಡಬೇಡಿ, ನೀರು ಸೋರುವಂತೆ ಹಾಗೇ ನೇತುಹಾಕಿ. ತಿರುಚುವ ಕೆಲಸ ಮಣಿಕಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ರೊಟ್ಟಿ ತಟ್ಟುವುದನ್ನು ಒಂದೆರಡರಿಂದ ಮತ್ತೆ ಶುರು ಮಾಡಿ, ಮರುದಿನದ ಬಿಗಿತ ಹೆಚ್ಚದಿದ್ದರೆ ಇನ್ನೊಂದು ಸೇರಿಸಿ.

ಈಗ ಪುಡಿ ಪೊಟ್ಟಣ. ಹತ್ತು ತಿಂಗಳ ಗಂಟು ನೋವನ್ನು ಎರಡೇ ದಿನಕ್ಕೆ ಮಾಯ ಮಾಡುವ, ಬಿಟ್ಟ ಕೂಡಲೇ ಮರಳಿಸುವ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಬಲವಾದದ್ದು, ಜೊತೆಗೆ ಡೈಕ್ಲೊಫಿನಾಕ್ ಥರದ ನೋವಿನ ಔಷಧಿಯೂ ಇರಬಹುದು. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಹೇಗೆ ಇಳಿಸಬೇಕು ಎಂಬ ಲೆಕ್ಕವಿಟ್ಟು ಕೆಲ ವಾರ ನಾವೂ ಕೊಡುತ್ತೇವೆ. ಲೆಕ್ಕವಿಲ್ಲದೆ ಮೂರು ತಿಂಗಳು ತಿಂದರೆ, ಹೊರಗಿನಿಂದ ಬರುತ್ತಿದೆಯಲ್ಲ ಎಂದು ಕಿಡ್ನಿಯ ಮೇಲೆ ಕೂತಿರುವ ನಿಮ್ಮ ಅಡ್ರಿನಲ್ ಗ್ರಂಥಿ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಆಗ ಪುಡಿ ಥಟ್ಟನೆ ನಿಂತರೆ ಎರಡೂ ಕಡೆ ಖಾಲಿ: ತಲೆಸುತ್ತು, ವಾಂತಿ, ಬಿಪಿ ಕುಸಿತ, ಎದ್ದು ನಿಲ್ಲಲಾಗದ ನಿಶ್ಶಕ್ತಿ. ನಡುವೆ ಜ್ವರವೋ ಭೇದಿಯೋ ಬಂದರೆ ಇದು ಪ್ರಾಣಾಪಾಯಕ್ಕೂ ಹೋಗಬಹುದು.

ಆದ್ದರಿಂದ ಇದೇ ವಾರ ವೈದ್ಯರನ್ನು ಕಾಣಿ. ಉಳಿದ ಪೊಟ್ಟಣಗಳನ್ನು ಹಾಗೇ ಕೊಂಡೊಯ್ಯಿರಿ, ದಿನಕ್ಕೆ ಎಷ್ಟು, ಎಂದಿನಿಂದ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಿಪಿ, ಸಕ್ಕರೆ ನೋಡಿಸಿ, ಮುಖ ದುಂಡಗಾಗಿದೆಯೇ, ತೂಕ ಏರಿದೆಯೇ ಹೇಳಿ. ಬೆಳಗ್ಗೆ 8 ಗಂಟೆಯ ಹೊತ್ತಿಗೆ ರಕ್ತ ಕೊಟ್ಟು ಕಾರ್ಟಿಸಾಲ್ (ದೇಹದ ಆ ಸ್ವಂತ ಸ್ಟೀರಾಯ್ಡ್) ಪರೀಕ್ಷೆ ಮಾಡಿಸಬೇಕಾಗಬಹುದು. ಬಹುಶಃ ಅವರು ಪುಡಿಯ ಜಾಗಕ್ಕೆ ಗೊತ್ತಾದ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು ವಾರವಾರವೂ ಇಳಿಸುತ್ತಾರೆ. ಇಳಿಸುವಾಗ ನೋವು ಸ್ವಲ್ಪ ಮರುಕಳಿಸುತ್ತದೆ. 'ವೈರಸ್ ಮತ್ತೆ ಎದ್ದಿತು' ಎಂದುಕೊಂಡು ಪುಡಿಗೆ ಮರಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಅದಕ್ಕೆ ಮೊದಲೇ ಸಿದ್ಧರಾಗಿದ್ದು, ಆ ವಾರಗಳಲ್ಲಿ ನೋವಿಗೆ ಏನು ತೆಗೆದುಕೊಳ್ಳಬೇಕು ಎಂಬುದನ್ನೂ ಅದೇ ಭೇಟಿಯಲ್ಲಿ ಬರೆಸಿಕೊಂಡು ಬನ್ನಿ.